ಅಧ್ಯಕ್ಷರ ಹೆಸರು ಮೊದಲು

ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಜುಲ್ಫಿಕರನ ಪ್ರಿಂಟಿಂಗ್ ಅಂಗಡಿ ಶುರುವಾಗಿ ಇಪ್ಪತ್ತೆರಡು ವರ್ಷ. ತಾನು ಅಚ್ಚು ಹಾಕಿದ ಲಗ್ನಪತ್ರಿಕೆಗಳನ್ನು ಒಂದರ ಪಕ್ಕ ಒಂದು ಹಾಸುತ್ತ ಹೋದರೆ ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಬಹುದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳಿರಬಹುದು, ಅಳೆದು ನೋಡಿದವರು ಯಾರೂ ಇಲ್ಲ. ಆದರೆ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ವಿದ್ಯೆಯಲ್ಲಿ ಮೂರು ತಾಲೂಕಿಗೂ ಅವನೇ ದೊಡ್ಡ ಪಂಡಿತ.

ಇದನ್ನು ಸಣ್ಣ ವಿದ್ಯೆ ಅಂದುಕೊಳ್ಳಬೇಡಿ. ಗೊರೇಬಾಳದ ಒಂದು ಮದುವೆಯಲ್ಲಿ ದೊಡ್ಡಪ್ಪನ ಹೆಸರು ಸೋದರಮಾವನ ಹೆಸರಿನ ಕೆಳಗೆ ಬಿತ್ತು. ದೊಡ್ಡಪ್ಪ ಅಕ್ಕಿಕಾಳಿಗೂ ಬರಲಿಲ್ಲ, ಆ ಎರಡು ಮನೆಗಳು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆ ಪತ್ರಿಕೆ ಬೇರೆ ಅಂಗಡಿಯಲ್ಲಿ ಅಚ್ಚಾದದ್ದು. ಜುಲ್ಫಿಕರನ ಅಂಗಡಿಯಿಂದ ಹೊರಬಿದ್ದ ಒಂದು ಕಾರ್ಡಿಗೂ ಹಾಗೆ ಜಗಳ ಹುಟ್ಟಿದ್ದಿಲ್ಲ. ಸ್ವಾಮಿಗಳು ಮೊದಲು, ಆಮೇಲೆ ಶಾಸಕರು, ಆಮೇಲೆ ಸೋತ ಶಾಸಕರು, ಆಮೇಲೆ ಮನೆಯ ಹಿರಿಯರು. ಸೋತ ಶಾಸಕರ ಅಕ್ಷರ ಗೆದ್ದವರ ಅಕ್ಷರಕ್ಕಿಂತ ಎಷ್ಟು ಸಣ್ಣದಿರಬೇಕು ಎಂಬುದಕ್ಕೂ ಅವನ ಬಳಿ ಲೆಕ್ಕವಿತ್ತು.

ಇಷ್ಟೆಲ್ಲ ತಿಳಿದವನಿಗೆ ಬಗೆಹರಿಯದ ಚಿಂತೆ ಒಂದೇ ಒಂದು: ಅಕ್ಕ ಸುಭಾನಬಿ. ಮಸ್ಕಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯುವ ಆ ಹೆಂಗಸಿನ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತು ಮೂರು ವರ್ಷವಾಗಿತ್ತು. ತಿಂಗಳಿಗೊಮ್ಮೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಒಂದು ಬಾಟಲಿ ಏರಬೇಕು. ಏರದಿದ್ದರೆ ಅವಳು ಇಲ್ಲ, ಮಾತು ಅಷ್ಟೇ. ಅದೂ ಎಂಥ ರಕ್ತ? ಓ ನೆಗೆಟಿವ್. ಊರಲ್ಲಿ ಹುಡುಕಿದರೂ ಸಿಗದ ಗುಂಪು. ಜುಲ್ಫಿಕರನದು ಬಿ ಪಾಸಿಟಿವ್, ಅಕ್ಕನಿಗೆ ಅದರಿಂದ ನಯಾಪೈಸೆ ಉಪಯೋಗವಿಲ್ಲ.

ಹೀಗಾಗಿ ಪ್ರತಿ ತಿಂಗಳು ಅವನು ಫೋನು ಹಿಡಿದು ಕೂರುತ್ತಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಮಾಡುವ ಅಮರಗುಂಡಪ್ಪ, ಬಳಗಾನೂರಿನ ಒಬ್ಬ ಮೇಷ್ಟ್ರು, ಇನ್ನೊಬ್ಬರು, ಮತ್ತೊಬ್ಬರು. ಒಮ್ಮೆ ಕೊಟ್ಟವರು ಮೂರು ತಿಂಗಳು ಕೊಡುವಂತಿಲ್ಲ. ಅವರಿವರ ಕೈಕಾಲು ಹಿಡಿದು ಒಂದು ಬಾಟಲಿ ಹೊಂದಿಸುವಷ್ಟರಲ್ಲಿ ಅವನ ಜೀವ ಹಣ್ಣಾಗುತ್ತಿತ್ತು. ಸುಭಾನಬಿ ಮಾತ್ರ ಹಾಸಿಗೆಯಲ್ಲಿ ಮಲಗಿಯೇ ಚೇಷ್ಟೆ ಮಾಡುತ್ತಿದ್ದಳು.

"ಜುಲ್ಫಿ, ಈ ಸಲದ್ದು ಯಾರ್ದೋ? ಮೈಯಾಗ ಹೋದಾಗಿಂದ ಎರಡು ರೊಟ್ಟಿ ಜಾಸ್ತಿ ತಿನ್ನಾಕತ್ತೀನಿ."

"ಹಟ್ಟಿ ಅಮರಗುಂಡಪ್ಪಂದು, ಆಪಾ."

"ಹಂಗನ್ನು. ಮತ್ತ ಹೋದ ತಿಂಗಳ ಬಿರಿಯಾನಿ ಸೇರ್ಲೇ ಇಲ್ಲ ನನ್ಗ. ಆ ಮೇಷ್ಟ್ರು ಲಿಂಗಾಯತ್ರೇನು?"

ಅವನಿಗೆ ನಗು ಬರುತ್ತಿತ್ತು, ಅದರ ಹಿಂದೆಯೇ ಅಳು ಬರುತ್ತಿತ್ತು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳು.

ಈಗ ಸಂಘದ ವಿಷಯಕ್ಕೆ ಬರೋಣ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿಗೆ ಸೇರಿ ಒಂದು ರಕ್ತದಾನಿಗಳ ಸಂಘವಿತ್ತು. ಅದರ ಅಧ್ಯಕ್ಷರು ಹಂಪಣ್ಣ ಸಾಹುಕಾರರು, ಎರಡು ರೈಸ್‌ಮಿಲ್ಲಿನ ಧಣಿ. ರಕ್ತದಾನ ಮಾಡುತ್ತ ಮಲಗಿದ ಅವರ ಒಂದು ಫೋಟೋ ಪ್ರತಿ ಫ್ಲೆಕ್ಸ್‌ನಲ್ಲೂ ಇರುತ್ತಿತ್ತು. ಮುಷ್ಟಿ ಬಿಗಿದಿದ್ದಾರೆ, ಮುಖದಲ್ಲಿ ಮಂದಹಾಸ, ತೋಳಿಗೆ ನಳಿಗೆ. ಆ ನಳಿಗೆಯನ್ನು ಬರೀ ಟೇಪಿನಿಂದ ಅಂಟಿಸಿದ್ದು ಎಂಬುದು ಫೋಟೋ ತೆಗೆದ ಜುಲ್ಫಿಕರನಿಗೆ ಗೊತ್ತಿತ್ತು. ಸಾಹುಕಾರರಿಗೆ ಸೂಜಿ ಕಂಡರೆ ಮೈ ಬೆವರುತ್ತದೆ. "ಇಪ್ಪತ್ತನಾಲ್ಕು ಬಾರಿ ರಕ್ತದಾನ ಮಾಡಿದ ಮಹಾದಾನಿ" ಎಂದು ಫ್ಲೆಕ್ಸ್‌ನಲ್ಲಿತ್ತಲ್ಲ, ಆ ಸಂಖ್ಯೆಯನ್ನು ವರ್ಷಕ್ಕೆ ಎರಡೆರಡು ಏರಿಸುತ್ತ ಬಂದವನೂ ಜುಲ್ಫಿಕರನೇ. ಗಿರಾಕಿ ಹೇಳಿದ್ದನ್ನು ಅಚ್ಚು ಹಾಕುವುದು ಅವನ ಕಸುಬು.

ಸಂಘಕ್ಕೊಂದು ವೆಬ್‌ಸೈಟ್ ಬೇಕು ಎಂದು ಕಾರ್ಯದರ್ಶಿ ಸಂಗನಬಸವ ಎತ್ತಿದಾಗ, ಪುಕ್ಕಟೆ ಮಾಡಿಕೊಡುತ್ತೇನೆಂದು ಜುಲ್ಫಿಕರ್ ತಾನೇ ಮುಂದೆ ಬಿದ್ದ. ಯಾರಿಗಾದರೂ ರಕ್ತ ಬೇಕಾದರೆ ತಮ್ಮ ಊರಿನ ಪುಟ ತೆರೆದು ಬರೆಯಬೇಕು; ಆ ಗುಂಪಿನ ದಾನಿಗಳ ಫೋನಿಗೆಲ್ಲ ಒಂದೇ ಏಟಿಗೆ ಸಂದೇಶ ಹೋಗಬೇಕು. ಹೀಗಾದರೆ ಅಕ್ಕನ ಬಾಟಲಿಗಾಗಿ ತಾನು ತಿಂಗಳು ತಿಂಗಳು ಒದ್ದಾಡುವುದು ತಪ್ಪುತ್ತದೆ. ತಾನು ನಾಳೆ ಬಿದ್ದು ಸತ್ತರೂ ಅವಳಿಗೆ ರಕ್ತ ಬರುತ್ತದೆ. ಅವನಿಗೆ ಬೇಕಿದ್ದದ್ದು ಅಷ್ಟು.

ಕೆಲಸ ಕಲಿಯಲು ಅವನು ಯೂಟ್ಯೂಬಿನ ಒಬ್ಬ ತೆಲುಗಿನವನನ್ನು ಗುರುವಾಗಿ ಹಿಡಿದ. ಕಾಲುವೆ ಸೀಮೆಯಲ್ಲಿ ಹುಟ್ಟಿದವರಿಗೆ ಅಷ್ಟು ತೆಲುಗು ಬರದೆ ಇರುವುದಿಲ್ಲ. ಆ ಪುಣ್ಯಾತ್ಮ ಚೆನ್ನಾಗಿಯೇ ಹೇಳಿದ. ಯಾರೋ ಫೋನಿನಲ್ಲಿ ಒಂದು ವಿಳಾಸ ಒತ್ತುತ್ತಾರೆ, ಅದು ಸರ್ವರಿಗೆ ಬರುತ್ತದೆ. ಸರ್ವರಿನ ಹತ್ತಿರ ದಾರಿಗಳ ಒಂದು ಪಟ್ಟಿ ಇರುತ್ತದೆ. ಈ ವಿಳಾಸ ಬಂದರೆ ಈ ಹ್ಯಾಂಡ್ಲರಿಗೆ ಕೊಡು, ಆ ವಿಳಾಸ ಬಂದರೆ ಆ ಹ್ಯಾಂಡ್ಲರಿಗೆ ಕೊಡು ಎಂದು ಅದರಲ್ಲಿ ಬರೆದಿರಬೇಕು. ಹ್ಯಾಂಡ್ಲರ್ ಅಂದರೆ ಆ ಕೆಲಸವನ್ನು ಮಾಡಿ ಉತ್ತರ ಕಳಿಸುವ ಪುಟ್ಟ ಪ್ರೋಗ್ರಾಮು. ಜುಲ್ಫಿಕರನಿಗೆ ತಟ್ಟನೆ ತಿಳಿಯಿತು. ಸರ್ಕಾರಿ ದವಾಖಾನೆಯ ಬಾಗಿಲಲ್ಲಿ ಚೀಟಿ ನೋಡಿ, "ನೀ ಮೂರನೇ ಕೋಣೆಗೆ ಹೋಗು, ನೀ ಐದಕ್ಕ ಹೋಗು" ಎಂದು ಕಳಿಸುವ ಕುರ್ಚಿಯವನೇ ಈ ಸರ್ವರು. ಗುರು ಒಟ್ಟು ಹದಿನೇಳು ಪಾಠ ಹೇಳಿದ್ದ, ಶಿಷ್ಯ ಒಂಬತ್ತಕ್ಕೇ ನಿಲ್ಲಿಸಿ ಕೆಲಸಕ್ಕೆ ಇಳಿದ.

ಮೂರು ವಾರ ಕೂತು ಮೂರು ದಾರಿ ಬರೆದ: ಸಿಂಧನೂರಿಗೊಂದು, ಲಿಂಗಸುಗೂರಿಗೊಂದು, ಮಸ್ಕಿಗೊಂದು. ಸಂಗನಬಸವ ಪೆನ್‌ಡ್ರೈವಿನಲ್ಲಿ ಕೊಟ್ಟ ಮುನ್ನೂರು ಸದಸ್ಯರ ಪಟ್ಟಿಯನ್ನು ಕಣ್ಣು ಹಾಯಿಸದೆ ಹಾಗೇ ಒಳಗೆ ಸುರಿದ. ತನ್ನದೇ ಹೆಸರಿನಲ್ಲಿ ಬಿ ಪಾಸಿಟಿವ್ ಬೇಕೆಂದು ಕಳಿಸಿ ನೋಡಿದ. ಫೋನು ಠಣ್ ಎಂದಿತು. ಕುಣಿಯುವುದೊಂದು ಬಾಕಿ.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಬಿಡುತ್ತಾರೆಯೇ? ಕಾರ್ಯಕಾರಿ ಸಮಿತಿ ಸೇರಿತು. ಮೈಸೂರುಪಾಕು, ಖಾರಾ, ಚಹಾ ಆದ ಮೇಲೆ ಸಂಗನಬಸವ ಕನ್ನಡಕ ಏರಿಸಿ ಪಟ್ಟಿ ನೋಡಿದ.

"ಅಲ್ಲೋ ಜುಲ್ಫಿಕರ, ಊರುಗಳ ಹೆಸರಷ್ಟ ಅದಾವು. ಅಧ್ಯಕ್ಷರ ಹೆಸರು ಎಲ್ಲೈತಿ?"

"ಊರಿನ ಪುಟದ ಕೆಳಗ ಹಾಕೀನಿ ರೀ."

"ಕೆಳಗ?" ಎಂದ ಸಂಗನಬಸವ. ಸಭೆ ಗಂಭೀರವಾಯಿತು.

ಹಂಪಣ್ಣ ದೊಡ್ಡ ಮನಸ್ಸಿನ ದನಿಯಲ್ಲಿ, "ನನಗೇನು ಹೆಸರಿನ ಹುಚ್ಚಿಲ್ಲಪ" ಎಂದರು. ಹಾಗೆಂದವರು ಹೆಸರಿನ ಹುಚ್ಚಿನವರೇ ಆಗಿರುತ್ತಾರೆ, ಇದು ಜುಲ್ಫಿಕರ್ ಇಪ್ಪತ್ತೆರಡು ವರ್ಷದಲ್ಲಿ ಕಂಡುಕೊಂಡ ಸತ್ಯ. "ಆದ್ರ ಒಂದು ಶಿಸ್ತು ಅಂತ ಇರ್ತೈತಲ್ಲ. ಯಾರ ಬರ್ಲಿ, ಯಾವ ಊರಿನ ವಿಳಾಸನ ಒತ್ಲಿ, ಮೊದಲ ನನ್ನ ಕಡಿಂದ ಹಾಯ್ದು ಹೋಗ್ಲಿ."

"ಮನವಿನೂ ಅಲ್ಲೇ ಬರೀಲಿ," ಎಂದ ಸಂಗನಬಸವ. "'ನಿಮ್ಮ ಮನವಿಯನ್ನು ಅಧ್ಯಕ್ಷರ ಅವಗಾಹನೆಗೆ ತರಲಾಗಿದೆ' ಅಂತ ಉತ್ತರ ಹೋಗ್ಲಿ." ನಿವೃತ್ತ ಗುಮಾಸ್ತ. ಅವನ ಬಾಯಿಂದ ಅಂಥ ವಾಕ್ಯ ಬಿಟ್ಟು ಬೇರೆ ಬರುವುದು ಕಷ್ಟ. ಠರಾವು ಪಾಸಾಯಿತು, ಎಲ್ಲರೂ ಸಹಿ ಹಾಕಿದರು.

ಜುಲ್ಫಿಕರನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ನೋಡಿ, ಅದೇ ಅವನ ತಪ್ಪು. ಅಧ್ಯಕ್ಷರ ಹೆಸರು ಮೊದಲು ಎಂಬುದು ಅವನ ರಕ್ತದಲ್ಲೇ ಇತ್ತು. ಯಾವ ವಿಳಾಸ ಬಂದರೂ ಸರಿ ಎಂದು ಸರ್ವರಿಗೆ ಹೇಳುವುದು ಹೇಗೆಂದು ಹುಡುಕಿದ. ಒಂದು ನಕ್ಷತ್ರದ ಚಿಹ್ನೆ ಹಾಕಿದರೆ ಸಾಕು ಎಂದು ಸಿಕ್ಕಿತು. ಹಾಕಿ, ಆ ಸಾಲನ್ನು ಪಟ್ಟಿಯ ತಲೆಯ ಮೇಲೆ ಕೂರಿಸಿದ. ಅದರ ಕೆಳಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ. ಲಗ್ನಪತ್ರಿಕೆಯಷ್ಟೇ ಅಚ್ಚುಕಟ್ಟಾಗಿ ಕಂಡಿತು. ಲಗ್ನಪತ್ರಿಕೆ ಓದುವವರ ಕಣ್ಣು ಮೇಲಿನ ಹೆಸರು ನೋಡಿ ಕೆಳಗಿನ ಹೆಸರಿಗೂ ಇಳಿಯುತ್ತದೆ. ಸರ್ವರ್ ಇಳಿಯುವುದಿಲ್ಲ. ಮೇಲಿಂದ ಓದುತ್ತ ಬಂದು, ಹೊಂದುವ ಮೊದಲನೆಯ ಸಾಲು ಸಿಕ್ಕ ಕೂಡಲೇ ಮನವಿಯನ್ನು ಅಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಇದನ್ನು ತೆಲುಗಿನವನು ಹತ್ತನೇ ಪಾಠದಲ್ಲಿ ಹೇಳಿದ್ದ.

ಉದ್ಘಾಟನೆ ಜೋರಾಗಿ ಆಯಿತು. ಹಂಪಣ್ಣ ಸಿಂಧನೂರಿನ ವಿಳಾಸ ಒತ್ತಿದರು: ಪರದೆಯ ಮೇಲೆ ಕೈಮುಗಿದ ಹಂಪಣ್ಣ. ಲಿಂಗಸುಗೂರು ಒತ್ತಿದರು: ಹಂಪಣ್ಣ. ಮಸ್ಕಿ ಒತ್ತಿದರು: ಹಂಪಣ್ಣ. ಸಭಿಕರೆಲ್ಲ ಚಪ್ಪಾಳೆ ತಟ್ಟಿದರು. ಮೂರು ತಾಲೂಕಿನ ತುಂಬ ತಾವೇ ಇರುವುದನ್ನು ಕಂಡು ಸಾಹುಕಾರರ ಕಣ್ಣು ಒದ್ದೆಯಾಯಿತು. ತಮ್ಮ ಸಾಲಿಗೆ ಮಾತ್ರ ನಕ್ಷತ್ರವಿದೆ, ಬೇರೆ ಯಾರಿಗೂ ಇಲ್ಲ ಎಂಬುದನ್ನು ಸಂಗನಬಸವನಿಂದ ತಿಳಿದು ಇನ್ನಷ್ಟು ಹಿಗ್ಗಿದರು. ಅವತ್ತಿನಿಂದ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಮೂರೂ ವಿಳಾಸ ತೆರೆದು ನೋಡುವುದು ಅವರ ನಿತ್ಯನೇಮವಾಯಿತು.

ಆ ತಿಂಗಳು ಜುಲ್ಫಿಕರ್ ಯಾರಿಗೂ ಫೋನು ಮಾಡಲಿಲ್ಲ. ಎಂಟು ದಿನ ಮುಂಚೆಯೇ ಲಿಂಗಸುಗೂರಿನ ವಿಳಾಸ ಒತ್ತಿದ. ಹಂಪಣ್ಣ ಬಂದರು. ಸಹಜ, ಅಧ್ಯಕ್ಷರಲ್ಲವೇ. ಅಕ್ಕನ ಹೆಸರು, ಗುಂಪು, ಆಸ್ಪತ್ರೆ ಎಲ್ಲ ತುಂಬಿ ಕಳಿಸಿದ. ಅವಗಾಹನೆಗೆ ತರಲಾಗಿದೆ ಎಂಬ ಉತ್ತರವೂ ಬಂತು. ಕಚೇರಿಯ ಕಡತ ಮೇಲಿನವರ ಮೇಜಿನಿಂದ ಕೆಳಗಿನವರ ಮೇಜಿಗೆ ಇಳಿಯುವ ಹಾಗೆ ಇದೂ ಇಳಿದು ಹೋಗುತ್ತದೆಂದು ನಂಬಿ, ಜೀವಮಾನದಲ್ಲಿ ಮೊದಲ ಬಾರಿಗೆ ನಿಶ್ಚಿಂತೆಯಿಂದ ಕೂತ.

ಒಂಬತ್ತನೆಯ ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಆಸ್ಪತ್ರೆಯಿಂದ ನರ್ಸ್ ಫೋನು ಮಾಡಿದಳು.

"ನಿಮ್ಮ ಅಕ್ಕಾರ ರಕ್ತ ನಾಲ್ಕು ಪಾಯಿಂಟಿಗೆ ಇಳಿದೈತ್ರಿ. ಬಾಟಲಿ ಎಲ್ಲಿ? ಇಲ್ಲಿಗೆ ಯಾರೂ ಬಂದಿಲ್ಲ."

"ಯಾರೂ ಬಂದಿಲ್ಲ?"

"ಒಬ್ರೂ ಬಂದಿಲ್ಲ. ಸಂಜಿ ಒಳಗ ಏರಿಸ್ಬೇಕು ಅಂತ ಡಾಕ್ಟರು ಹೇಳ್ಯಾರ."

ಹಿಂದಿನಿಂದ ಸುಭಾನಬಿಯ ದನಿ ಕೇಳಿಸಿತು, ತೀರಾ ಸಣ್ಣಗೆ: "ಅವನ್ಗ ಹೆದರಿಸ್ಬ್ಯಾಡ್ರಿ, ಮೊದಲ ಹೆದರುಪುಕ್ಕ ಅದಾನ."

ಅವನು ಶಟರನ್ನು ಅರ್ಧಕ್ಕೇ ಬಿಟ್ಟ. ಅಮರಗುಂಡಪ್ಪನಿಗೆ ಫೋನು ಮಾಡಿದ. "ನಾ ಕೊಟ್ಟು ಇನ್ನೂ ಎರಡು ತಿಂಗಳಾಗಿಲ್ಲ ತಮ್ಮಾ. ಅಲ್ಲ, ನನ್ಗ ಮೆಸೇಜೇ ಬಂದಿಲ್ಲಲ್ಲ" ಎಂದ ಅವನು. ಬಳಗಾನೂರಿನ ಮೇಷ್ಟ್ರು ಕಳೆದ ತಿಂಗಳಷ್ಟೇ ಕೊಟ್ಟಿದ್ದರು. ಮೆಸೇಜು ಅವರಿಗೂ ಬಂದಿರಲಿಲ್ಲ. ಉಳಿದಿಬ್ಬರೂ ಊರಲ್ಲಿರಲಿಲ್ಲ.

ಜುಲ್ಫಿಕರ್ ಕಂಪ್ಯೂಟರಿನ ಮುಂದೆ ಕೂತು ಸರ್ವರಿನ ಒಳಹೊಕ್ಕು ನೋಡಿದ. ಮೂರು ಊರಿನ ಮೂರು ಹ್ಯಾಂಡ್ಲರುಗಳು ಉದ್ಘಾಟನೆಯ ದಿನದಿಂದ ಒಂದೇ ಒಂದು ಮನವಿಯ ಮುಖ ಕಂಡಿರಲಿಲ್ಲ. ಅಧ್ಯಕ್ಷರ ಅವಗಾಹನೆಯಲ್ಲಿ ನಲವತ್ತೊಂದು ಮನವಿಗಳು ಬಿದ್ದಿದ್ದವು. ಅವನ್ನು ತೆರೆದು ಓದುವವರು ಸಂಗನಬಸವ ಎಂದು ಹಂಪಣ್ಣ ತಿಳಿದಿದ್ದರು, ಜುಲ್ಫಿಕರ್ ಎಂದು ಸಂಗನಬಸವ ತಿಳಿದಿದ್ದ, ಓದುವ ಅಗತ್ಯವೇ ಇಲ್ಲ ಎಂದು ಜುಲ್ಫಿಕರ್ ತಿಳಿದಿದ್ದ. ನಲವತ್ತೊಂದು ಮಂದಿಗೆ ಕೈಮುಗಿದು ಕಳಿಸಿಬಿಟ್ಟಿತ್ತು ಸಂಘ. ಮೂವತ್ತೆಂಟನೆಯದು ಸುಭಾನಬಿಯದು.

ಅದರ ಮೇಲಿನದು ಒಂದು ಹೆರಿಗೆಯ ಮನವಿ. ಆ ನಂಬರಿಗೆ ಫೋನು ಮಾಡಿದ. ಎತ್ತಿದ ಗಂಡಸು, ತಾಯಿ ಮಗು ಆರಾಮ ಇದ್ದಾರೆ, ರಾಯಚೂರಿನಿಂದ ರಕ್ತ ತರಿಸಿದೆವು ಎಂದ. ಆಮೇಲೆ ಕೇಳಿದ: "ನಿಮ್ಮದರಾಗ ಆ ದಪ್ಪ ಮನಷ್ಯಾ ಕೈ ಮುಗ್ಕೊಂಡು ನಿಂತಾನಲ್ಲ, ಅವ್ನು ಯಾಕ ನಿಂತಾನ?" ಜುಲ್ಫಿಕರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಅಕ್ಕನೊಬ್ಬಳ ಯೋಚನೆಯಲ್ಲಿ ಇದ್ದವನಿಗೆ ಉಳಿದ ನಲವತ್ತು ಮನೆಗಳು ಅವತ್ತು ಕಣ್ಣೆದುರು ಬಂದು ನಿಂತವು. ಇಪ್ಪತ್ತೆರಡು ವರ್ಷದ ವಿದ್ಯೆಗೆ ಬೆಂಕಿ ಬೀಳಲಿ ಎಂದು ತನ್ನನ್ನೇ ಬೈದುಕೊಂಡ.

ಹತ್ತನೇ ಪಾಠವನ್ನು ಆಗ ಕೇಳಿದ. ನಕ್ಷತ್ರದ ಸಾಲು ಕಟ್ಟಕಡೆಗೆ ಇರಬೇಕು. ಯಾವ ದಾರಿಗೂ ಸೇರದೆ ಅಲೆದಾಡುವ ವಿಳಾಸಗಳು ಮಾತ್ರ ಅಲ್ಲಿಗೆ ಬರಬೇಕು. ಠರಾವಿನ ಮುಖ ನೋಡಲಿಲ್ಲ. ಹಂಪಣ್ಣನವರ ಸಾಲನ್ನು ಎತ್ತಿ ಮಸ್ಕಿಯ ಕೆಳಗೆ ಹಾಕಿದ. ಸೋತ ಶಾಸಕರಿಗೂ ಅವನು ಅಂಥ ಜಾಗ ಕೊಟ್ಟಿರಲಿಲ್ಲ. ಮೂರೂ ಊರಿನ ಪುಟಗಳಲ್ಲಿ ಅಕ್ಕನ ಮನವಿಯನ್ನು ಹೊಸದಾಗಿ ತುಂಬಿ ಕಳಿಸಿದ.

ಐದು ನಿಮಿಷಕ್ಕೆ ಫೋನು ಬಂತು. ಹಂಪಣ್ಣ.

"ಏನಲೇ ಜುಲ್ಫಿಕರ, ಲಿಂಗಸುಗೂರು ಒತ್ತಿದ್ರ ನಾ ಬರವಲ್ಲೆ. ಮಸ್ಕಿ ಒತ್ತಿದ್ರೂ ಬರವಲ್ಲೆ. ಎಲ್ಲಿ ಹಾಕೀದಿ ನನ್ನ? ಮತ್ತ ಇದೊಂದು ಎಂಥದೋ ಮೆಸೇಜ್ ಬಂದೈತಿ, ಓ ನೆಗೆಟಿವ್ ಬೇಕು, ಕೂಡಲೇ ಬರ್ರಿ ಅಂತ. ನನ್ಗ್ಯಾಕ ಬಂತು ಇದು?"

ಜುಲ್ಫಿಕರ್ ಸದಸ್ಯರ ಪಟ್ಟಿಯನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದ. ಸದಸ್ಯ ಸಂಖ್ಯೆ ಒಂದು, ಹಂಪಣ್ಣ, ಸಿಂಧನೂರು, ಓ ನೆಗೆಟಿವ್. ಡ್ರೈವಿಂಗ್ ಲೈಸೆನ್ಸ್ ನೋಡಿ ಸಂಗನಬಸವ ತುಂಬಿದ್ದು. ಮೂರು ವರ್ಷ ಮೂರು ತಾಲೂಕು ಅಲೆದು ಹುಡುಕಿದ ರಕ್ತ, ಅವನೇ ಅಚ್ಚು ಹಾಕಿದ ಫ್ಲೆಕ್ಸ್‌ನೊಳಗೆ ನಗುತ್ತ ಮಲಗಿತ್ತು.

ಅವನು ಸ್ಕೂಟಿ ಹತ್ತಿ ಸೀದಾ ರೈಸ್‌ಮಿಲ್ಲಿಗೆ ಹೋದ. ಸಾಹುಕಾರರು ಗಾದಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು.

"ಕಡೀಕ ಹಾಕೀಯಂತ ನನ್ನ. ಸಂಗನಬಸವ ಹೇಳಿದ."

"ಹೌದ್ರಿ. ಸಾವ್ಕಾರ್ರ, ನೀವು ಎಷ್ಟು ಸಭಾದ ಅಧ್ಯಕ್ಷತೆ ವಹಿಸೀರಿ?"

"ಲೆಕ್ಕ ಯಾರಿಟ್ಟಾರ."

"ಯಾವುದರಾಗರ ಅಧ್ಯಕ್ಷರ ಭಾಷಣ ಮೊದಲ ಆಗೇತೇನ್ರಿ? ಎಲ್ಲಾರೂ ಮಾತಾಡಿ ಮುಗಿದ ಮ್ಯಾಲೆ, ಕಡೀಕ ಅಧ್ಯಕ್ಷೀಯ ನುಡಿ. ಮೊದಲು ಮಾತಾಡಾಂವ ಸ್ವಾಗತ ಮಾಡಾಂವ. ನಾ ಇಷ್ಟು ದಿನ ನಿಮ್ಮನ್ನ ಸ್ವಾಗತ ಮಾಡಾಕ ನಿಲ್ಲಿಸಿದ್ನಿ. ತಪ್ಪಾತು."

ಹಂಪಣ್ಣ ಯೋಚಿಸಿದರು. ಸ್ವಾಗತ ಭಾಷಣ ಮಾಡುವುದು ಸಂಗನಬಸವನ ಕೆಲಸ. ಅವರ ಮುಖ ನಿಧಾನವಾಗಿ ಬೆಳಗಿತು.

"ಖರೆ ಐತಿ ನೋಡು. ನನ್ನ ನಕ್ಷತ್ರ ಇರ್ತೈತಲ್ಲ?"

"ಇರ್ತೈತ್ರಿ. ಯಾರಿಗೆ ಎಲ್ಲೂ ದಾರಿ ಇಲ್ಲೋ ಅವರು ನಿಮ್ಮ ಕಡೆ ಬರ್ತಾರ."

ಆಮೇಲೆ ಬಾಗಿಲು ಮುಂದೆ ಮಾಡಿ ಬಂದು, ನಲವತ್ತೊಂದು ಮನವಿಯ ಸಂಗತಿ ಹೇಳಿದ. ಅಕ್ಕನ ಸಂಗತಿ ಹೇಳಿದ. "ನಿಮ್ಮದ ರಕ್ತ ಬೇಕ್ರಿ. ಸಂಜಿ ಒಳಗ ಬೇಕು" ಎಂದ.

ಹಂಪಣ್ಣನವರ ಹಣೆಯ ಮೇಲೆ ಬೆವರು ಮೂಡಿತು. ವಿಭೂತಿ ಕರಗಿ ಹುಬ್ಬಿಗೆ ಇಳಿಯಿತು. "ನಿನಗ ಗೊತ್ತೈತಲ್ಲೋ" ಎಂದರು, ಮಿಲ್ಲಿನವರಿಗೆ ಕೇಳಿಸದಷ್ಟು ಮೆಲ್ಲಗೆ. "ಬೇರೆ ಯಾರರ ನೋಡು. ಎಷ್ಟು ಖರ್ಚಾದ್ರೂ ನಾ ಕೊಡ್ತೀನಿ."

"ಇಪ್ಪತ್ನಾಲ್ಕು ಸಲ ನಾನೇ ಬರದೀನ್ರಿ ನಿಮ್ಮ ಹೆಸರಿಗೆ. ಒಂದು ಸಲ ನೀವು ಕೊಡ್ರಿ. ಬೇರೆ ಯಾರೂ ಇಲ್ಲ. ಇದ್ದಿದ್ರ ನಿಮ್ಮ ಬಾಗಿಲಿಗೆ ಬರ್ತಿರಲಿಲ್ಲ ನಾ."

ಸಿಟ್ಟಿನಿಂದಲೇ ಅಂದ. ಅಂದ ಮೇಲೆ ತನಗೇ ಹೆದರಿಕೆಯಾಯಿತು. ಮೂರು ತಾಲೂಕಿನಲ್ಲಿ ಅವರ ಮುಂದೆ ಹಾಗೆ ಮಾತಾಡಿದವರಿಲ್ಲ. ಸಾಹುಕಾರರು ಗೋಡೆಯ ಮೇಲೆ ತೂಗುಹಾಕಿದ ತಮ್ಮದೇ ಫೋಟೋವನ್ನು, ಆ ಟೇಪು ಅಂಟಿಸಿದ ತೋಳನ್ನು, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

"ಕಾರು ತೆಗೀಲಿಕ್ಕೆ ಹೇಳು. ಫೋಟೋ ಗೀಟೋ ಬ್ಯಾಡ. ಸಂಗನಬಸವಗ ಹೇಳ್ಬ್ಯಾಡ."

ಕಾರು ಲಿಂಗಸುಗೂರಿನ ಆಸ್ಪತ್ರೆ ಮುಟ್ಟಿತು. ಸಾಹುಕಾರರು ರಕ್ತ ತೆಗೆಯುವ ಹಾಸಿಗೆಯ ಮೇಲೆ ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿ ಜುಲ್ಫಿಕರನ ಕೈ ಹಿಡಿದರು. ಸೂಜಿ ಚುಚ್ಚಿದಾಗ "ಶಿವಶಿವಾ" ಎಂದು ಅವನ ಬೆರಳು ಮುರಿಯುವಂತೆ ಅದುಮಿದರು. ಫೋಟೋದಲ್ಲಿದ್ದ ಮಂದಹಾಸ ಎಲ್ಲೂ ಇರಲಿಲ್ಲ, ಬಾಯಿ ಸೊಟ್ಟಗಾಗಿತ್ತು, ಕಣ್ಣಿನ ತುದಿಯಲ್ಲಿ ನೀರಿತ್ತು. ಚೀಲ ತುಂಬಿದ ಮೇಲೆ ಒಂದು ಕಣ್ಣು ತೆರೆದು ಅದನ್ನು ನೋಡಿದರು.

"ಇದೇನು, ನಂದ?"

"ನಿಮ್ದ ರೀ."

"ಇಷ್ಟು ಕೆಂಪೈತಲ್ಲೋ," ಎಂದು ಬೆರಗಾದರು. ಬಿಸ್ಕೀಟು ತಿನ್ನುತ್ತ, ಜ್ಯೂಸು ಕುಡಿಯುತ್ತ, ಈ ವರ್ಷದ ಫ್ಲೆಕ್ಸ್‌ನಲ್ಲಿ ಸಂಖ್ಯೆ ಎಷ್ಟು ಹಾಕುತ್ತೀ ಎಂದು ಕೇಳಿದರು. ಹಿಂದೆಯೇ ತಾವೇ ಹೇಳಿದರು: "ಸಂಖ್ಯಾನ ಬ್ಯಾಡ, ತೆಗದು ಬಿಡು."

ಪರೀಕ್ಷೆಗಳೆಲ್ಲ ಮುಗಿದು ಸಂಜೆ ಐದಕ್ಕೆ ಸುಭಾನಬಿಯ ತೋಳಿಗೆ ಬಾಟಲಿ ಏರಿತು. ಮೂರು ವರ್ಷದಲ್ಲಿ ಜುಲ್ಫಿಕರ್ ಅಷ್ಟು ಗಮನವಿಟ್ಟು ಯಾವ ಬಾಟಲಿಯನ್ನೂ ನೋಡಿರಲಿಲ್ಲ. ಹನಿ ಹನಿಯಾಗಿ ಇಳಿದು ಅವಳ ತುಟಿಗೆ ಬಣ್ಣ ಬರುವತನಕ ಅವನು ಸ್ಟೂಲಿನಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಬಂದಾಗ ಅವಳು ದಿಂಬಿಗೆ ಒರಗಿ ಎದ್ದು ಕೂತಿದ್ದಳು. ಯಾರ ರಕ್ತವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಿಲ್ಲವೆಂದು ಅವನು ಸಾಹುಕಾರರಿಗೆ ಮಾತು ಕೊಟ್ಟಿದ್ದ.

"ಜುಲ್ಫಿ," ಎಂದಳು, "ಈ ಸಲದ್ದು ಯಾರ್ದೋ?"

"ಯಾಕ ಆಪಾ, ಏನಾತು?"

"ಏನಿಲ್ಲ. ಆದ್ರ ಬೆಳಿಗ್ಗಿಂದ ನರ್ಸ್ ಬಂದು ಸೂಜಿ ತೋರ್ಸಿದ್ರ ಸಾಕು, ಮೈ ಬೆವ್ರಾಕತ್ತೈತಿ."